ವಾಕ್ಯದಮ್ಮನಿಗೆ ಸಿಗದ ವಾಕ್ಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನ ಅಂಗಡಿಯ ಮುಂದೆ ಸಾಲು ನಿಂತಿರುವ ಎಲ್ಲರ ಕಣ್ಣೂ ಕ್ರೇಟಿನ ಮೇಲಿದ್ದರೆ, ಕನ್ನಡಕದ ಈ ಹೆಂಗಸಿನ ಕಣ್ಣು ಮಾತ್ರ ಅಂಗಡಿಯವನ ಕೈ ಮೇಲಿದೆ. ತಮ್ಮ ಹಾಲು ಕೊಂಡಾಗಿದೆ, ಆದರೂ ಕದಲುತ್ತಿಲ್ಲ. ಅಂಗಡಿಯವನು ದೊಡ್ಡವರು ಚಿಕ್ಕವರು ಎನ್ನದೆ, ಬಂದವರಿಗೆ ಬಂದ ಹಾಗೆ ಪ್ಯಾಕೆಟ್ ಕೊಡುತ್ತಿದ್ದಾನೆ. ಇವರ ಮುಖ ಅರಳುತ್ತಿದೆ. ಅಷ್ಟರಲ್ಲಿ ಪಕ್ಕದಿಂದ ನುಸುಳಿದ ಪರಿಚಯದವನೊಬ್ಬನಿಗೆ ಅವನು ಮೇಜಿನ ಕೆಳಗಿನಿಂದ ಎರಡು ಪ್ಯಾಕೆಟ್ ಜಾರಿಸುತ್ತಾನೆ.

"ಇವನೂ ಆಗ್ಲಿಲ್ಲ, ಬನ್ನಿ" ಎಂದು ಅವರು ಹೊರಟೇಬಿಡುತ್ತಾರೆ. ಬನ್ನಿ ಎಂದದ್ದು ನನಗೆ. ಕಾಲಿಗೆ ಚಕ್ರ ಕಟ್ಟಿಕೊಂಡವರ ಬಗ್ಗೆ ಲೇಖನ ಬರೆಯಲು ಒಪ್ಪಿಕೊಳ್ಳುವ ಮುನ್ನ ಒಳ್ಳೆಯ ಚಪ್ಪಲಿ ಕೊಳ್ಳಬೇಕು ಎಂದು ಆಗ ನನಗೆ ಅರ್ಥವಾಗುತ್ತದೆ.

ಅವರು ಹುಡುಕುತ್ತಿರುವುದು ಒಂದು ವಾಕ್ಯವನ್ನು. ಶಾಲೆಯ ಮಕ್ಕಳಿಗಾಗಿ ನಿಘಂಟು ತಯಾರಿಸುವ ಕಚೇರಿಯಲ್ಲಿ ಉದಾಹರಣೆ ಬರೆಯುವುದು ಇವರ ಕೆಲಸ. ನಿಘಂಟಿನಲ್ಲಿ ಪದ, ಪದದ ಮುಂದೆ ಅರ್ಥ, ಅರ್ಥದ ಕೆಳಗೆ ಓರೆ ಅಕ್ಷರದಲ್ಲಿ ಒಂದು ಪುಟ್ಟ ವಾಕ್ಯ ಇರುತ್ತದಲ್ಲ, ಅದನ್ನೂ ಯಾರೋ ಕೂತು ಬರೆದಿರುತ್ತಾರೆ ಎಂದು ನಾವ್ಯಾರೂ ಯೋಚಿಸಿದವರಲ್ಲ. ಅರ್ಥ ಬರೆದ ವಿದ್ವಾಂಸರ ಹೆಸರುಗಳು ಮೊದಲ ಪುಟದಲ್ಲಿ ಸಾಲಾಗಿ ಅಚ್ಚಾಗುತ್ತವೆ. ಇವರ ಹೆಸರು ಎಲ್ಲೂ ಇಲ್ಲ. ಕಚೇರಿಯಲ್ಲಿ ಎಲ್ಲರಿಗೂ ಇವರು ವಾಕ್ಯದಮ್ಮ.

ಗಂಡ ತೀರಿಕೊಂಡ ವರ್ಷ ಟೈಪಿಸ್ಟ್ ಆಗಿ ಇಲ್ಲಿಗೆ ಸೇರಿದರು. ಆಗ ದೊಡ್ಡ ಮಗಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು, ಚಿಕ್ಕವಳು ಕೈಗೂಸು. ವಾಕ್ಯ ಬರೆಯುತ್ತಿದ್ದವರು ನಿವೃತ್ತರಾದಾಗ, ಹೇಗೂ ಟೈಪ್ ಮಾಡ್ತೀರಲ್ಲ, ನೀವೇ ಬರೆದುಬಿಡಿ ಎಂದು ಕೆಲಸ ಇವರ ಕೊರಳಿಗೆ ಬಿತ್ತು. ಅಂದಿನಿಂದ ದಿನಕ್ಕೆ ಮೂವತ್ತು ನಲವತ್ತು ವಾಕ್ಯ. ಸಂಬಳ ಮಾತ್ರ ಟೈಪಿಸ್ಟಿನದೇ.

ಇವರದೊಂದು ಪದ್ಧತಿಯಿದೆ. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ. ಬರೆದದ್ದನ್ನು ಸಂಜೆ ಚಹಾದ ಹೊತ್ತಿಗೆ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಕರಡು ತಿದ್ದುವ 'ಒತ್ತಕ್ಷರ' ಎಂಬ ಅಡ್ಡಹೆಸರಿನ ಹಿರಿಯರು, ಇಬ್ಬರು ಟೈಪಿಸ್ಟರು, ಕಸ ಗುಡಿಸುವ ಅಕ್ಕ ಇವರಲ್ಲಿ ಒಬ್ಬರು "ಸುಳ್ಳು" ಅಂದರೂ ಸಾಕು, ಆ ವಾಕ್ಯ ಹೋಯಿತು. ಒಮ್ಮೆ "ಬಸ್ಸು ಸಮಯಕ್ಕೆ ಸರಿಯಾಗಿ ಬಂದಿತು" ಎಂದು ಓದಿದ್ದಾರೆ. ಎರಡು ಬಸ್ಸು ಬದಲಿಸಿ ಬರುವ ಗುಡಿಸುವ ಅಕ್ಕ, ಬಾಯಲ್ಲಿದ್ದ ಚಹಾ ನುಂಗುವ ಮೊದಲೇ ಸುಳ್ಳೆಂದು ಕೈಯಾಡಿಸಿದ್ದಾಳೆ. ಆಮೇಲೆ "ಸಮಯಕ್ಕೆ ಸರಿಯಾಗಿ ಹಸಿವಾಯಿತು" ಎಂದು ತಿದ್ದಿದಾಗ ಸರ್ವಾನುಮತದಿಂದ ಪಾಸಾಯಿತಂತೆ.

ಈಗ ನಿಘಂಟು ಅಚ್ಚಿಗೆ ಹೋಗಬೇಕು. ಎಲ್ಲ ಪದಗಳಿಗೂ ವಾಕ್ಯ ಸಿಕ್ಕಿದೆ, 'ನಿಷ್ಪಕ್ಷಪಾತ' ಎಂಬ ಒಂದನ್ನು ಬಿಟ್ಟು. ಪ್ರಧಾನ ಸಂಪಾದಕರು, ನ್ಯಾಯಾಧೀಶರು ನಿಷ್ಪಕ್ಷಪಾತ ತೀರ್ಪು ನೀಡಿದರು ಅಂತ ಹಾಕಿ ಮುಗಿಸಿ ಎಂದು ದಿನವೂ ಗೊಣಗುತ್ತಾರೆ. ತಾನು ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ ಎಂದು ಇವರು ದಿನವೂ ಹೇಳುತ್ತಾರೆ. ಹಾಗಾಗಿ ಈ ಬೆಳಗಿನ ತಿರುಗಾಟ. ಮೈದಾನದಲ್ಲಿ ಆಡುವವರ ಅಂಪೈರ್ ತನ್ನ ತಮ್ಮನಿಗೆ ಔಟ್ ಕೊಡಲಿಲ್ಲ. ತರಕಾರಿಯವಳು ಹಳೆಯ ಗಿರಾಕಿಗೆ ಗಟ್ಟಿ ಟೊಮೆಟೊ ಆರಿಸಿ, ಹೊಸಬರಿಗೆ ಮೆತ್ತಗಿನದು ಹಾಕಿದಳು. ಈ ಊರಿನಲ್ಲಿ ಇನ್ನು ಯಾರನ್ನು ನೋಡುವುದು?

ಕಚೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರು ಎರಡು ಸಲ ಎದ್ದು ಕೂರುತ್ತಾರೆ. ಹಾಲಿನ ಚೀಲ ತೊಡೆಯಿಂದ ಕೆಳಗೆ, ಕೆಳಗಿನಿಂದ ತೊಡೆಗೆ. ಒಂದು ಪದಕ್ಕೆ ಇಷ್ಟೊಂದು ಚಡಪಡಿಕೆಯೇ ಎಂದು ಕೇಳಿಯೇಬಿಡುತ್ತೇನೆ.

"ಪದಕ್ಕಲ್ಲ ಕಣ್ರೀ" ಎನ್ನುತ್ತಾರೆ. ಆಮೇಲೆ ತಡೆದು ತಡೆದು ಹೇಳುತ್ತಾರೆ.

ಆ ಪದಕ್ಕೆ ಹೋದ ವಾರವೇ ಒಂದು ವಾಕ್ಯ ಬರೆದಾಗಿತ್ತು. "ತಾಯಿ ಇಬ್ಬರು ಮಕ್ಕಳನ್ನೂ ನಿಷ್ಪಕ್ಷಪಾತ ದೃಷ್ಟಿಯಿಂದ ನೋಡುತ್ತಾಳೆ." ಚೆನ್ನಾಗಿದೆ ಅನ್ನಿಸಿ ಮನೆಯಲ್ಲೇ ಮೊದಲು ಓದಿದರು. ದೊಡ್ಡವಳು ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಸಮವಸ್ತ್ರ ಮಡಚುತ್ತಿದ್ದವಳು ತಲೆಯೆತ್ತದೆ "ಸುಳ್ಳು" ಅಂದಳು. ಜಗಳವಿಲ್ಲ, ಕಣ್ಣೀರಿಲ್ಲ. ಮಡಚುವುದನ್ನೂ ನಿಲ್ಲಿಸಲಿಲ್ಲ.

ಮನೆಯಲ್ಲಿ ಬಾಗಿಲಿರುವ ಕೋಣೆ ಒಂದೇ. ಓದುವವಳು ಎಂದು ಅದು ಚಿಕ್ಕವಳಿಗೆ. ರಾತ್ರಿಯೆಲ್ಲ ದುಡಿದು ಬಂದ ದೊಡ್ಡವಳು ಹಗಲಲ್ಲಿ ನಡುಮನೆಯ ಬೆಂಚಿನ ಮೇಲೆ, ಮಿಕ್ಸಿ ಸದ್ದು, ಬಾಗಿಲು ತಟ್ಟುವವರ ಸದ್ದಿನ ನಡುವೆ, ಕಣ್ಣಿನ ಮೇಲೆ ದುಪಟ್ಟಾ ಹಾಕಿಕೊಂಡು ಮಲಗುತ್ತಾಳೆ. ಒಂದು ವಾರ ಅವಳಿಗೆ, ಒಂದು ವಾರ ನನಗೆ ಕೊಡಮ್ಮ ಎಂದು ಹಿಂದೊಮ್ಮೆ ಕೇಳಿದ್ದಳಂತೆ. "ನೀನು ದೊಡ್ಡವಳು, ಅರ್ಥ ಮಾಡ್ಕೋ ಅಂದ್ಬಿಟ್ಟೆ. ಅವಳು ಹುಟ್ಟಿದಾಗಿಂದ ಬರೀ ಅರ್ಥ ಮಾಡ್ಕೊಂಡೇ ಬಂದಿದ್ದಾಳೆ. ತಂಗೀನ ಎತ್ತಿ ಆಡ್ಸಿದ್ದೂ ಅವಳೇ." ಈಗ ಹಾಸ್ಟೆಲಿನಲ್ಲಿ ಜಾಗ ಗೊತ್ತು ಮಾಡಿಕೊಂಡಿದ್ದಾಳೆ. ತಿಂಗಳ ಕೊನೆಗೆ ಹೊರಡುತ್ತಾಳೆ, ಬ್ಯಾಗು ತುಂಬಿಯಾಗಿದೆ.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಇನ್ನೇನಿದು? ನಾನು ಹಾಲಿನವನನ್ನ ಬೈತಾ ಕೂತಿದೀನಿ" ಎಂದವರು ಇದ್ದಕ್ಕಿದ್ದಂತೆ ಎದ್ದು, ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿ, ಕಂಡಕ್ಟರ್ ಬೈಯುತ್ತಿರುವಂತೆಯೇ ಇಳಿದುಬಿಡುತ್ತಾರೆ. ಹಿಂದೆಯೇ ನಾನೂ.

ಮನೆಯಲ್ಲಿ ಚಿಕ್ಕವಳು ಇನ್ನೂ ಮಲಗಿದ್ದಾಳೆ. ಅವಳನ್ನು ಎಬ್ಬಿಸಿ, ಪುಸ್ತಕಗಳನ್ನು ನಡುಮನೆಗೆ ಸಾಗಿಸಲು ಶುರು. ಪರೀಕ್ಷೆ ಹತ್ತಿರ ಇರುವಾಗ ಇದೆಂಥ ಹುಚ್ಚು ಎಂದು ಅವಳು ಮುಖ ಊದಿಸುತ್ತಾಳೆ. ಓದುವ ಮೇಜಿನ ಒಂದು ತುದಿ ತಾಯಿಗೆ, ಇನ್ನೊಂದು ತುದಿ ನನಗೆ. ಸಂದರ್ಶನಕ್ಕೆ ಬಂದವರಿಗೆ ಇಂಥ ಆತಿಥ್ಯ ಎಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಹಾಸಿಗೆಗೆ ಹೊಸ ಹೊದಿಕೆ ಹಾಸುತ್ತಿರುವಾಗ ದೊಡ್ಡವಳು ಪಾಳಿ ಮುಗಿಸಿ ಬರುತ್ತಾಳೆ. ಬಾಗಿಲಲ್ಲೇ ನಿಂತು ಒಮ್ಮೆ ಮೇಜು, ಒಮ್ಮೆ ಕೋಣೆ ನೋಡುತ್ತಾಳೆ.

"ಯಾರಾದ್ರೂ ನೆಂಟರು ಬರ್ತಿದ್ದಾರಾ ಅಮ್ಮ?"

ಹೊದಿಕೆಯ ಅಂಚು ಹಿಡಿದ ವಾಕ್ಯದಮ್ಮನ ಕೈ ಅಲ್ಲೇ ನಿಲ್ಲುತ್ತದೆ. ಆ ಪ್ರಶ್ನೆ ತಡೆದುಕೊಳ್ಳಲಾಗದೆ ನಾನು ಗೋಡೆ ನೋಡುತ್ತೇನೆ.

"ಇಲ್ಲ. ನಿಂಗೇ. ಮಲ್ಕೋ."

ದೊಡ್ಡವಳು ಒಳಗೆ ಹೋಗುವುದಿಲ್ಲ. ಚಪ್ಪಲಿ ಬಿಟ್ಟು, ಮುಖ ಊದಿಸಿಕೊಂಡ ತಂಗಿಯ ಪಕ್ಕ ಕೂತು, ಪರೀಕ್ಷೆ ಯಾವಾಗ, ಯಾವ ಹೊತ್ತಿನಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಎಂದು ಒಂದೊಂದಾಗಿ ಕೇಳುತ್ತಾಳೆ. ಆಮೇಲೆ ತೀರ್ಮಾನ ಹೇಳುತ್ತಾಳೆ. "ಪರೀಕ್ಷೆ ಮುಗಿಯೋ ತನಕ ರಾತ್ರಿ ನಿಂದು, ಹಗಲು ನಂದು. ಹಗಲು ನೀನು ಲೈಬ್ರರಿಗೆ ಹೋಗು. ಆಮೇಲೆ ವಾರಕ್ಕೊಬ್ರು. ಮೇಜು ಒಳಗೇ ಇರ್ಲಿ, ನಂಗೇನು ಅಡ್ಡ ಇಲ್ಲ." ತಂಗಿ ಗೊಣಗುತ್ತಲೇ ಮೇಜಿನ ತುದಿ ಹಿಡಿಯುತ್ತಾಳೆ. ನಾನು ಇನ್ನೊಂದು ತುದಿ ಹಿಡಿದು ಮತ್ತೆ ಒಳಗೆ ಹೊರುತ್ತೇನೆ. ದೊಡ್ಡವಳ ಹಿಂದೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಅವತ್ತು ಆ ಮನೆಯಲ್ಲಿ ಮಿಕ್ಸಿ ಹಾಕಲಿಲ್ಲ.

ಮರುದಿನ ಚಹಾದ ಹೊತ್ತಿಗೆ ನಾನೂ ಕಚೇರಿಯಲ್ಲಿದ್ದೇನೆ. ವಾಕ್ಯದಮ್ಮ ಕೂರಲಾರದೆ, ನಿಂತೇ ಓದುತ್ತಾರೆ. "ಮನೆಯಲ್ಲಿದ್ದ ಒಂದೇ ಕೋಣೆಯ ವಿಷಯದಲ್ಲಿ ಅಕ್ಕ ನಿಷ್ಪಕ್ಷಪಾತ ತೀರ್ಮಾನ ಮಾಡಿದಳು." ಗುಡಿಸುವ ಅಕ್ಕ ಎಂಥ ಕೋಣೆ, ಯಾರ ಮನೆ ಎಂದು ಕೇಳುತ್ತಾಳೆ. ಕೇಳಿ ತಿಳಿದುಕೊಂಡು ನಿಜವೆಂದು ತಲೆಯಾಡಿಸುತ್ತಾಳೆ. ನ್ಯಾಯಾಧೀಶರಿದ್ದಿದ್ದರೆ ಪುಟಕ್ಕೊಂದು ತೂಕ ಬರುತ್ತಿತ್ತು ಎಂದು ಪ್ರಧಾನ ಸಂಪಾದಕರು ಮೂಗು ಮುರಿದರೂ, ಪುಟ ಅಚ್ಚಿಗೆ ಹೋಗುತ್ತದೆ.

ಹೊರಡುವಾಗ, ಮಗಳು ಮನೆಯಲ್ಲೇ ಉಳಿಯುತ್ತಾಳಾ ಎಂದು ಕೇಳುತ್ತೇನೆ. ವಾಕ್ಯದಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ, ಮತ್ತೆ ಹಾಕಿಕೊಂಡು ಮತ್ತೆ ತೆಗೆಯುತ್ತಾರೆ.

"ಬ್ಯಾಗು ಇನ್ನೂ ಬಿಚ್ಚಿಲ್ಲ. ಕೇಳೋಕೆ ನಂಗೆ ಬಾಯಿಲ್ಲ. ಹೋದ್ರೂ ತಪ್ಪು ಅವಳದ್ದಲ್ಲ" ಎನ್ನುತ್ತಾರೆ. ಆಮೇಲೆ ಕನ್ನಡಕ ಏರಿಸಿಕೊಂಡು, "ನನ್ನ ಹೆಸ್ರು ಪುಸ್ತಕದಲ್ಲಿ ಇಲ್ದಿದ್ರೆ ಬೇಡ ಬಿಡಿ. ಎಷ್ಟೋ ಮಕ್ಕಳು ಆ ವಾಕ್ಯನ ಓದ್ತಾರೆ. ಆ ಅಕ್ಕ ಯಾರು ಅಂತ ಯಾರಾದ್ರೂ ನಿಮ್ಮನ್ನ ಕೇಳಿದ್ರೆ, ನನ್ನ ದೊಡ್ಡ ಮಗಳು ಅಂತ ಹೇಳಿ."