ಬರಿದಾಗದ ಇನ್ಹೇಲರ್

ಮೊದಲು ಕೇಳಿಸಿದ್ದು ಪೀಪಿಯಂಥ ಒಂದು ಸದ್ದು.

ಮಧ್ಯಾಹ್ನ ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಹೊಲಿಗೆ ಮೆಷಿನ್ ಒಣಗಿರಬೇಕೆಂದು ಎಣ್ಣೆ ಬಿಟ್ಟೆ. ಸದ್ದು ನಿಲ್ಲಲಿಲ್ಲ. ಮೆಷಿನ್ನನ್ನೇ ನಿಲ್ಲಿಸಿದೆ. ಆಗಲೂ ನಿಲ್ಲಲಿಲ್ಲ. ಅದು ನನ್ನ ಎದೆಯೊಳಗಿಂದ ಬರುತ್ತಿತ್ತು.

ವೀಸಿಂಗ್.

ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾನು ಓಡುವ ಹಾಗಿರಲಿಲ್ಲ. ಯಾಕೆಂದರೆ ನನ್ನ ಅಸ್ತಮಾ ಐದು ವರ್ಷದ ಹಿಂದೆಯೇ ವಾಸಿಯಾಗಿತ್ತು, ಮತ್ತು ಆ ವಿಷಯ ಮಾಗಡಿ ರಸ್ತೆಯುದ್ದಕ್ಕೂ ಗೊತ್ತಿತ್ತು.

ಆಗ ಬ್ಯಾಡರಹಳ್ಳಿಯ ನಮ್ಮ ಪಕ್ಕದ ಪೋರ್ಶನ್ನಿನ ಸ್ಟೆಲ್ಲಾ ಆಂಟಿ ನನ್ನನ್ನು ಹೆಗ್ಗನಹಳ್ಳಿಯ ಪ್ರಾರ್ಥನಾ ಸಭೆಗೆ ಕರೆದುಕೊಂಡು ಹೋಗಿದ್ದರು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ಹಾಲ್. ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಂದು ರಾತ್ರಿ ಎಷ್ಟೋ ವರ್ಷಗಳ ನಂತರ ನಾನು ದಿಂಬಿಗೆ ಒರಗದೆ ಅಂಗಾತ ಮಲಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಇನ್ಹೇಲರನ್ನು ಕಸದ ಆಟೋಗೆ ಹಾಕಿದೆ. ಕೆಲವು ತಿಂಗಳಲ್ಲಿ ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನವಾಯಿತು. ಇದರಲ್ಲಿ ಸುಳ್ಳಿಲ್ಲ. ಐದು ವರ್ಷ ಎದೆ ಚೆನ್ನಾಗಿಯೇ ಇತ್ತು, ಅದನ್ನು ಈಗಲೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹೇಳಿದ್ದೇ ಸ್ವಲ್ಪ ಜಾಸ್ತಿಯಾಯಿತು.

ನಮ್ಮಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ರೂಢಿ. ದೇವರು ತನಗೆ ಮಾಡಿದ್ದನ್ನು ಒಬ್ಬೊಬ್ಬರು ಎದ್ದು ನಿಂತು ಹೇಳಬೇಕು. ಕೆಲವರು ಎರಡು ಮಾತಾಡಿ ಬೆವರುತ್ತಾರೆ. ನಾನು ಬೆವರುವವಳಲ್ಲ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು ಎಲ್ಲ ಗೊತ್ತು. ಇನ್ಹೇಲರ್ ಎಸೆದದ್ದನ್ನು ಕೈ ಬೀಸಿ ತೋರಿಸುತ್ತಿದ್ದೆ. ಮೊದಲ ವರ್ಷ ಕಸದ ಆಟೋ ಮನೆ ಮುಂದೆ ನಿಂತಿತ್ತು. ನಾಲ್ಕನೇ ವರ್ಷದ ಹೊತ್ತಿಗೆ ಅದು ಓಡುತ್ತಿತ್ತು, ನಾನು ಅಟ್ಟಿಸಿಕೊಂಡು ಹೋಗಿ ಎಸೆಯುತ್ತಿದ್ದೆ. ವಿಜಯನಗರ, ಕೆಂಗೇರಿಯ ಸಭೆಗಳಿಂದಲೂ ಕರೆ ಬರತೊಡಗಿತು. ಕೊನೆಯಲ್ಲಿ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ. ನಮ್ಮ ಯಜಮಾನರ ಹೃದಯ ಮಾತ್ರ ಇನ್ನೂ ಕಲ್ಲು, ಅವರಿಗಾಗಿ ಪ್ರಾರ್ಥಿಸಿ. ಸಭೆಯ ಹೆಂಗಸರೆಲ್ಲ ಲೊಚಗುಟ್ಟುತ್ತಿದ್ದರು.

ಆ ಕಲ್ಲು ಹೃದಯದವರು ಅದೇ ಹೊತ್ತಿಗೆ ಕೆಳಗೆ ಸ್ಕೂಟರಿನ ಮೇಲೆ ಕೂತು ಪೇಪರ್ ಓದುತ್ತಿರುತ್ತಿದ್ದರು. ಪೀಣ್ಯದಲ್ಲಿ ಲೇತ್ ಕೆಲಸ, ಶನಿವಾರ ವೆಂಕಟರಮಣನ ಪೂಜೆ, ಭಾನುವಾರ ನನ್ನನ್ನು ಸಭೆಗೆ ಬಿಟ್ಟು ಮುಗಿಯುವ ತನಕ ಕಾದು ಕರೆತರುವುದು. ಮೇಲೆ ಬನ್ನಿ ಎಂದರೆ ಅವರದ್ದು ಒಂದೇ ಉತ್ತರ. ನಿನ್ನ ದೇವರ ಹತ್ತಿರ ನೀನಿರುತ್ತೀಯ, ಸ್ಕೂಟರ್ ಹತ್ತಿರ ಒಬ್ಬರು ಬೇಕಲ್ಲ?

ಇಂಥ ಸ್ಥಿತಿಯಲ್ಲಿ ಪೀಪಿ ಊದತೊಡಗಿತು. ನಾನು ಉಪವಾಸ ಮಾಡಿದೆ, ಪ್ರಾರ್ಥಿಸಿದೆ, ತಲೆಗೆ ಪ್ರಾರ್ಥನೆಯ ಎಣ್ಣೆ ಹಚ್ಚಿಕೊಂಡೆ. ಪೀಪಿ ನಿಲ್ಲಲಿಲ್ಲ. ಹದಿನೈದು ದಿನ ತಡೆದು, ಪರಿಚಯದವರಿಲ್ಲದ ಕಡೆ ಇರಲಿ ಎಂದು ಸುಂಕದಕಟ್ಟೆಯ ಮೆಡಿಕಲ್ ಶಾಪಿಗೆ ಹೋಗಿ, ನಮ್ಮ ಅತ್ತೆಗೆ ಎಂದು ಹೇಳಿ ಒಂದು ಇನ್ಹೇಲರ್ ತಂದೆ. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಒಂದು ತಿಂಗಳು ಬರುತ್ತದೆ, ಮುಗಿದರೆ ಬನ್ನಿ ಎಂದು ಅಂಗಡಿಯವನು ಹೇಳಿ ಕಳಿಸಿದ.

ವಾರದ ದಿನ ಅದು ಹೊಲಿಗೆ ಮೆಷಿನ್ನಿನ ಬಾಬಿನ್ ಡಬ್ಬಿಯಲ್ಲಿ. ಭಾನುವಾರ ಬೈಬಲ್ಲಿನ ಜಿಪ್ ಕವರಿನ ಒಳಜೇಬಿನಲ್ಲಿ. ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಫ್ ತೆಗೆದುಕೊಳ್ಳುತ್ತಿದ್ದೆ. ಮೂರು ದಿಂಬು ಹಾಕಿಕೊಂಡು ಮಲಗಿ ಗ್ಯಾಸ್ಟ್ರಿಕ್ ಎಂದೆ. ಮೆಣಸಿನಕಾಯಿ ಘಾಟು ಆಗದೆ ಸಾರಿಗೆ ಒಗ್ಗರಣೆ ಹಾಕುವುದನ್ನೇ ಬಿಟ್ಟೆ. ಒಗ್ಗರಣೆಯಿಲ್ಲದ ಸಾರನ್ನು ನಮ್ಮನೆಯವರು ತಿಂಗಳುಗಟ್ಟಲೆ ಸುಮ್ಮನೆ ಉಂಡರು. ನಾನೆಷ್ಟು ಜಾಣೆ ಎಂದು ನನಗೇ ಹೆಮ್ಮೆಯಾಯಿತು.

ಒಂದು ತಿಂಗಳು ಕಳೆಯಿತು. ಇನ್ಹೇಲರ್ ಮುಗಿಯಲಿಲ್ಲ.

ಎರಡು ತಿಂಗಳು. ಅಲ್ಲಾಡಿಸಿದರೆ ಇನ್ನೂ ತುಂಬಿದ ಸದ್ದು. ಐದು ತಿಂಗಳು, ಎಂಟು ತಿಂಗಳು. ಬರಗಾಲದಲ್ಲಿ ಬಡ ವಿಧವೆಯ ಮನೆಯ ಎಣ್ಣೆ ಬರಿದಾಗಲೇ ಇಲ್ಲ ಎಂದು ಪಾಸ್ಟರ್ ಹೇಳುವ ಕಥೆ ನೆನಪಾಗಿ ನನ್ನ ಮೈ ಜುಮ್ಮೆಂದಿತು. ಬಾಬಿನ್ ಡಬ್ಬಿಯ ಮುಂದೆ ಮೊಣಕಾಲೂರಿ ಸ್ತೋತ್ರ ಹೇಳಿದೆ. ಕಾಯಿಲೆಯನ್ನು ವಾಸಿ ಮಾಡುವುದು ಬಿಟ್ಟು ದೇವರು ಔಷಧಿಯನ್ನು ಯಾಕೆ ತುಂಬಿಸುತ್ತಿದ್ದಾರೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಇಷ್ಟು ದೊಡ್ಡ ಅದ್ಭುತ ಯಾರಿಗೂ ಹೇಳುವ ಹಾಗಿಲ್ಲವಲ್ಲ ಎಂಬುದೊಂದೇ ಸಂಕಟ.

ಸಭೆಯ ವಾರ್ಷಿಕೋತ್ಸವ ಬಂತು. ಹೊರಗಿನಿಂದಲೂ ಜನ ಬಂದಿದ್ದರು. ನನ್ನದೇ ಮುಖ್ಯ ಸಾಕ್ಷಿ. ಹಾಲಿಗೆ ಹಿಂದಿನ ದಿನವಷ್ಟೇ ಬಣ್ಣ ಹೊಡೆಸಿದ್ದರು. ಆ ವಾಸನೆಗೆ ಬಾಗಿಲಲ್ಲೇ ಎದೆ ಹಿಡಿಯಿತು. ಆದರೂ ಮೈಕ್ ಹಿಡಿದೆ. ಆರು ವರ್ಷದಿಂದ ನಾನು ಇನ್ಹೇಲರ್ ಮುಟ್ಟಿಲ್ಲ ಎಂದೆ.

ಮುಂದಿನ ಉಸಿರು ಬರಲಿಲ್ಲ.

ನನ್ನ ಮೇಲೆ ಪವಿತ್ರಾತ್ಮನ ಅಭಿಷೇಕ ಇಳಿಯಿತೆಂದು ಸಭೆ ತಿಳಿದುಕೊಂಡಿತು. ನಾನು ಬಾಯಿ ತೆರೆದಷ್ಟೂ ಹಲ್ಲೆಲೂಯ ಜೋರಾಯಿತು. ಕೀಬೋರ್ಡ್ ನುಡಿಸುವವರು ಶ್ರುತಿ ಏರಿಸಿದರು. ಬೈಬಲ್ ಕೈಯಲ್ಲೇ ಇತ್ತು, ಜಿಪ್ ಎಳೆದರೆ ಔಷಧಿ. ಎಳೆಯಲಿಲ್ಲ. ಕಣ್ಣು ಕತ್ತಲಾಗುತ್ತಿದ್ದರೂ ಇಷ್ಟು ಜನರ ಮುಂದೆ ಹೇಗೆ ಎಂದು ಯೋಚಿಸುತ್ತಿದ್ದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಸಾಯುವುದಕ್ಕಿಂತ ಮರ್ಯಾದೆ ಹೋಗುವುದೇ ನನಗೆ ಆಗ ದೊಡ್ಡದಾಗಿ ಕಂಡಿತು.

ನನ್ನ ಎದೆಯ ಪೀಪಿ ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳಿಸಿತ್ತಂತೆ. ನಮ್ಮನೆಯವರು ಹೆಲ್ಮೆಟ್ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದರು. ಆರು ವರ್ಷದಲ್ಲಿ ಮೊದಲ ಸಲ. ನನ್ನ ಕೈಯಿಂದ ಬೈಬಲ್ ಕಿತ್ತುಕೊಂಡು, ಸಭೆಗೆ ಬೆನ್ನು ತಿರುಗಿಸಿ ಜಿಪ್ ಎಳೆದು, ಇನ್ಹೇಲರ್ ಅಲ್ಲಾಡಿಸಿ ನನ್ನ ಬಾಯಿಗಿಟ್ಟರು.

"ಎಳ್ಕೊಳೇ ಉಸ್ರು. ಆಮೇಲೆ ನಾಚ್ಕೊಳೋವಂತೆ."

ಪಾಸ್ಟರ್ ಕಣ್ಣರಳಿಸಿ ನೋಡುತ್ತಿದ್ದರು. ನಮ್ಮನೆಯವರು ತಿರುಗಿ, ಇದು ನನ್ನದು, ನನಗೂ ವೀಸಿಂಗ್ ಇದೆ, ಯಾವಾಗಲೂ ಜೇಬಲ್ಲಿ ಇಟ್ಟುಕೊಂಡಿರುತ್ತೇನೆ ಎಂದುಬಿಟ್ಟರು. ಅವರ ಎದೆ ಕಬ್ಬಿಣದಂತಿದೆ. ಅವರು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಟೋದಲ್ಲಿ ನರ್ಸಿಂಗ್ ಹೋಂ. ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಎಂಬತ್ತೆಂಟಕ್ಕೆ ಇಳಿದಿತ್ತು. ಆಕ್ಸಿಜನ್, ನೆಬ್ಯುಲೈಸರ್, ಸ್ಟೀರಾಯ್ಡ್ ಇಂಜೆಕ್ಷನ್. ಮುಖಕ್ಕೆ ಮಾಸ್ಕ್ ಹಾಕಿದ್ದರಿಂದ ಮೂರು ದಿನ ಮಾತಾಡುವುದು ಕಡಿಮೆಯಾಯಿತು. ಇದನ್ನು ನಮ್ಮನೆಯವರು ಎಲ್ಲರಿಗೂ ಹೇಳಿದರು.

ಎರಡನೇ ದಿನ ಡಾಕ್ಟರಮ್ಮ ಬಂದು ಎಷ್ಟು ದಿನದಿಂದ, ಎಷ್ಟು ಇನ್ಹೇಲರ್ ಆಗಿದೆ ಎಂದು ಕೇಳಿದರು. ನಾನು ಒಂದು ಬೆರಳು ತೋರಿಸಿದೆ. ನಮ್ಮನೆಯವರು ಕೆಮ್ಮಿದರು. ಕೆಳಗೆ ಹೋಗಿ ಸ್ಕೂಟರಿನ ಡಿಕ್ಕಿಯಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಮಂಚದ ಪಕ್ಕದ ಮೇಜಿನ ಮೇಲೆ ಸುರಿದರು.

ಏಳು ಖಾಲಿ ಡಬ್ಬಿ.

ಇನ್ಹೇಲರಿನ ಪ್ಲಾಸ್ಟಿಕ್ಕಿನೊಳಗೆ ಕೂರುವ ಪುಟ್ಟ ಅಲ್ಯೂಮಿನಿಯಂ ಡಬ್ಬಿಗಳು. ಕತ್ತರಿ ಹುಡುಕುವಾಗ ಬಾಬಿನ್ ಡಬ್ಬಿಯಲ್ಲಿ ಇನ್ಹೇಲರ್ ಸಿಕ್ಕಿತ್ತಂತೆ, ಭಾನುವಾರ ಅದು ಬೈಬಲ್ ಕವರಿಗೆ ಹೋಗುವುದೂ ಗೊತ್ತಿತ್ತಂತೆ. ಹಗುರವಾದಾಗಲೆಲ್ಲ ಹಳೆಯದನ್ನು ತೆಗೆದು ಹೊಸ ಡಬ್ಬಿ ಕೂರಿಸಿ, ಇದ್ದ ಹಾಗೇ ಇಟ್ಟಿದ್ದಾರೆ. ಡಾಕ್ಟರ್ ಯಾವತ್ತಾದರೂ ಕೇಳಬಹುದೆಂದು ಖಾಲಿಯನ್ನೂ ಎತ್ತಿಟ್ಟಿದ್ದಾರೆ.

ನನ್ನ ಅದ್ಭುತ ಮೇಜಿನ ಮೇಲೆ ಉರುಳಾಡುತ್ತಿತ್ತು.

ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಬೈದರು. ಇದು ತುರ್ತಿಗೆ ತೆಗೆದುಕೊಳ್ಳುವುದು, ನೀವು ಊಟದ ಹಾಗೆ ತೆಗೆದುಕೊಂಡಿದ್ದೀರಿ, ಇವರು ಬಡಿಸಿದ್ದಾರೆ ಎಂದರು. ಆಮೇಲೆ ಇನ್ನೊಂದು ಬಣ್ಣದ ಇನ್ಹೇಲರ್ ತೋರಿಸಿದರು.

"ಅಸ್ತಮಾ ಓಡಿಹೋಗಲ್ಲಮ್ಮ, ಕಂಟ್ರೋಲಲ್ಲಿ ಇರುತ್ತೆ. ಇದು ಬೆಳಿಗ್ಗೆ ಎರಡು, ಸಾಯಂಕಾಲ ಎರಡು ಪಫ್. ಏನೂ ತೊಂದ್ರೆ ಇಲ್ದಿದ್ರೂ ದಿನಾ ತಗೋಬೇಕು. ಎಲ್ರೂ ವಾಸಿಯಾಯ್ತು ಅನ್ಸಿದಾಗ್ಲೇ ಬಿಡೋದು."

ಪಾಸ್ಟರ್ ಪ್ರಾರ್ಥನೆಯ ಬಗ್ಗೆ ಆರು ವರ್ಷದಿಂದ ಹೇಳುತ್ತಿದ್ದುದೂ ಇದನ್ನೇ. ನನಗೆ ಕಿವಿಗೆ ಬಿದ್ದಿರಲಿಲ್ಲ. ನೀರಿನಲ್ಲಿ ಮುಳುಗಿ ಎದ್ದ ದಿನವೇ ನನ್ನ ಜಂಬ, ಸುಳ್ಳು, ಬಾಯಿ ಎಲ್ಲ ತೊಳೆದುಹೋಯಿತು ಎಂದುಕೊಂಡಿದ್ದೆ. ಅವೂ ಒಳಗೇ ಇದ್ದವು, ದಿನಾ ನೋಡಿಕೊಳ್ಳದೆ ಬಿಟ್ಟಿದ್ದಕ್ಕೆ ಚೆನ್ನಾಗಿ ಬೆಳೆದಿದ್ದವು.

ಡಾಕ್ಟರಮ್ಮ ಹೋದ ಮೇಲೆ ಮಾಸ್ಕ್ ಸರಿಸಿ, ಯಾಕೆ ಹೇಳಲಿಲ್ಲ ಎಂದು ನಮ್ಮನೆಯವರನ್ನು ಕೇಳಿದೆ. ಅವರು ಡಬ್ಬಿಗಳನ್ನು ಒಂದೊಂದಾಗಿ ಕವರಿಗೆ ತುಂಬುತ್ತಿದ್ದರು.

"ನೀನು ಅಷ್ಟು ಜನದ ಮುಂದೆ ವಾಸಿಯಾಯ್ತು ಅಂತ ಹೇಳ್ಕೊಂಡಿದ್ದೀಯ. ನಿನ್ ದೇವ್ರ ಮರ್ಯಾದೆ ತೆಗೆಯೋಕೆ ನಾನ್ಯಾರೇ?"

ನನಗೆ ಅಳು ಬಂತು. ಸೆರಗು ಹುಡುಕಿದೆ, ಆಸ್ಪತ್ರೆಯ ಗೌನಿಗೆ ಸೆರಗಿರಲಿಲ್ಲ.

ಸಂಜೆ ಪಾಸ್ಟರ್ ಮತ್ತು ಪಾಸ್ಟರಮ್ಮ ಬಂದರು. ಸಭೆಯಲ್ಲಿ ಎಲ್ಲರೂ ನಮ್ಮ ಯಜಮಾನರ ವೀಸಿಂಗ್ ವಾಸಿಯಾಗಲಿ ಎಂದು ಉಪವಾಸ ಪ್ರಾರ್ಥನೆ ಇಟ್ಟುಕೊಂಡಿದ್ದಾರಂತೆ. ನನಗೆ ಆದದ್ದು ಬಣ್ಣದ ವಾಸನೆಗೆ, ಅದೊಂದು ದಿನಕ್ಕೆ ಮಾತ್ರ ಎಂದು ತೀರ್ಮಾನವಾಗಿದೆ. ಕಲ್ಲು ಹೃದಯದವರ ಕೈಯಿಂದ ದೇವರು ನನ್ನ ಜೀವ ಉಳಿಸಿದರು ಎಂಬ ಹೊಸ ಸಾಕ್ಷಿಯೂ ತಯಾರಾಗಿತ್ತು. ಹಳೆಯದಕ್ಕಿಂತ ಚೆನ್ನಾಗಿತ್ತು. ನಾನು ಹೂಂ ಎಂದರೆ ಸಾಕಿತ್ತು.

ಬಾಯಿಯವರೆಗೂ ಬಂತು. ಅಷ್ಟರಲ್ಲಿ ಪಾಸ್ಟರಮ್ಮ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಹೋದ ವರ್ಷ ಸಭೆಗೆ ಸೇರಿದ ಸರೋಜಮ್ಮ ನನ್ನ ಸಾಕ್ಷಿ ಕೇಳಿ ಶುಗರ್ ಮಾತ್ರೆ ಬಿಟ್ಟಿದ್ದಾರಂತೆ. ಕಾಲಿನ ಗಾಯ ಮಾಯುತ್ತಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಬಾಬಿನ್ ಡಬ್ಬಿ, ಸತ್ತ ಅತ್ತೆ, ಏಳು ಡಬ್ಬಿ. ಪಾಸ್ಟರಮ್ಮ ವ್ಯಾನಿಟಿ ಬ್ಯಾಗಿನಿಂದ ತಮ್ಮ ಥೈರಾಯ್ಡ್ ಮಾತ್ರೆಯ ಸೀಸೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟರು.

"ತಪ್ಪು ನನ್ದೂ ಇದೆ ಸಿಸ್ಟರ್, ಕರೆದ ಕಡೆಗೆಲ್ಲ ನಿಮ್ಮನ್ನ ಕಳಿಸ್ದೆ," ಎಂದರು ಪಾಸ್ಟರ್. "ನಂಬಿದ ಹೊಸದ್ರಲ್ಲಿ ಏನು ಸಿಕ್ತು ಅಂತ ಹೇಳೋದು ಸಾಕ್ಷಿ. ಇಷ್ಟು ವರ್ಷ ಆದ್ಮೇಲೆ ನಿಜ ಹೇಳೋದು ಸಾಕ್ಷಿ."

ಮುಂದಿನ ಭಾನುವಾರ ಎದ್ದು ನಿಂತೆ. ಕೈ ಬೀಸಲಿಲ್ಲ, ಆಟೋ ಓಡಲಿಲ್ಲ. ಐದು ವರ್ಷ ದೇವರು ಎದೆಗೆ ಸುಖ ಕೊಟ್ಟರು, ಆಮೇಲೆ ಕಾಯಿಲೆ ಬಂತು, ನಾನು ಬಚ್ಚಿಟ್ಟೆ, ಇನ್ಹೇಲರ್ ನನ್ನದೇ ಎಂದೆ. ಕವರಿನಿಂದ ತೆಗೆದು ಎತ್ತಿ ತೋರಿಸಿದೆ. ಯಾರೂ ಹಲ್ಲೆಲೂಯ ಎನ್ನಲಿಲ್ಲ.

ಸರೋಜಮ್ಮನಿಗೆ ಮಾತ್ರೆ ನುಂಗಿ ಎಂದು ಹೆಸರು ಹಿಡಿದೇ ಹೇಳಿದೆ. ಅವರು ಕೂತಲ್ಲಿಂದಲೇ, ಮೊದಲೇ ಹೇಳಬಾರದಿತ್ತಾ ಜಯಾ, ನಾನು ಮೈಸೂರು ಪಾಕ್ ಕೂಡ ತಿನ್ನುತ್ತಿದ್ದೆ ಎಂದು ಗದರಿದರು. ಸಭೆ ನಕ್ಕಿತು. ನನ್ನ ಉಸಿರೂ ಸ್ವಲ್ಪ ಸಡಿಲವಾಯಿತು.

ಕೊನೆಯ ಮಾತು ಉಳಿದಿತ್ತು. ಆರು ವರ್ಷ ನಮ್ಮ ಯಜಮಾನರ ಹೃದಯ ಕಲ್ಲು ಎಂದು ಇದೇ ಮೈಕಿನಲ್ಲಿ ಹೇಳಿದ್ದೇನೆ, ಅವರು ಕೆಳಗೆ ಕೂತು ಪ್ರತಿ ಸಲವೂ ಕೇಳಿಸಿಕೊಂಡಿದ್ದಾರೆ, ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅವರಿಗೆ ವೀಸಿಂಗ್ ಇಲ್ಲ, ಉಪವಾಸ ನಿಲ್ಲಿಸಿ ಎಂದೂ ಹೇಳಿದೆ.

ಕೆಳಗೆ ಬಂದಾಗ ನಮ್ಮನೆಯವರು ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದರು. ಸ್ಕೂಟರ್ ಸುಂಕದಕಟ್ಟೆ ದಾಟಿದ ಮೇಲೆ ಕೇಳಿದರು.

"ಬೆಳಿಗ್ಗೆ ಎರಡು ಪಫ್ ತಗೊಂಡ್ಯಾ?"

ತಗೊಂಡೆ ಎಂದೆ. ನಿಜವನ್ನೇ ಹೇಳಿದೆ.

ಈಗಲೂ ಅವರು ಮೇಲೆ ಬರುವುದಿಲ್ಲ, ನಾನೂ ಕರೆದು ಪೀಡಿಸುವುದಿಲ್ಲ. ಪೀಪಿ ಆಗೊಮ್ಮೆ ಈಗೊಮ್ಮೆ ಊದುತ್ತದೆ. ಸಾರಿಗೆ ಒಗ್ಗರಣೆಯನ್ನು ಅವರೇ ಹಾಕುತ್ತಾರೆ, ನಾನು ಹೊರಗೆ ನಿಂತಿರುತ್ತೇನೆ. ಎಣ್ಣೆ ಬರಿದಾಗದ ಆ ಮನೆಯ ಕಥೆಯನ್ನು ಪಾಸ್ಟರ್ ಮೊನ್ನೆ ಮತ್ತೆ ಹೇಳಿದರು. ಮನೆಗೆ ಬಂದು ಬಾಬಿನ್ ಡಬ್ಬಿಯ ಮುಂದೆ ಇನ್ನೊಮ್ಮೆ ಮೊಣಕಾಲೂರಿ ಸ್ತೋತ್ರ ಹೇಳಿದೆ. ಈ ಸಲ ತುಂಬಿಸಿದವರು ಯಾರೆಂದು ಗೊತ್ತಿತ್ತು, ಅವರನ್ನು ಕೊಟ್ಟವರು ಯಾರೆಂದೂ ಗೊತ್ತಿತ್ತು.