ಸಲೋಮೆಯ ಕಾಳಿನ ಪೊಟ್ಟಣಗಳು

ಆಂಟೀಟಮ್ ಹಳ್ಳದ ದಂಡೆಯ ನಮ್ಮ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಚರ್ಚಿನ ಗಂಟೆ ಹೊಡೆಯುತ್ತಾರೆ. ಸತ್ತವರಿಗೆ ಎಷ್ಟು ವರ್ಷವೋ ಅಷ್ಟು ಏಟು. ಹೊಲದಲ್ಲಿದ್ದವರು ನೇಗಿಲು ನಿಲ್ಲಿಸಿ ಎಣಿಸುತ್ತಾರೆ. ಎಪ್ಪತ್ತೊಂದಾದರೆ ಕಮ್ಮಾರನ ತಾಯಿ ಹೋದಳೆಂದು ಗೊತ್ತಾಗುತ್ತದೆ. ಮೂರಕ್ಕೇ ನಿಂತರೆ ಯಾರೂ ಮಾತಾಡುವುದಿಲ್ಲ. ಆ ಗಂಟೆಯ ಹಗ್ಗ ಡೇನಿಯಲ್ ರೈಡನೌರ್‌ನ ಕೈಯಲ್ಲಿತ್ತು, ಎಣಿಕೆ ಅವನ ಹೆಂಡತಿ ಸಲೋಮೆಯದು. ಅಕ್ಷರ ಬಾರದ ಹೆಂಗಸು. ಏಟಿಗೊಂದರಂತೆ ಬೀನ್ಸ್ ಕಾಳನ್ನು ಏಪ್ರನ್ನಿನ ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದಳು. ಒಮ್ಮೆ ಡೇನಿಯಲ್ ಯಾವುದೋ ಯೋಚನೆಯಲ್ಲಿ ಒಂದೇಟು ಹೆಚ್ಚಿಗೆ ಎಳೆದುಬಿಟ್ಟ.

"ಸತ್ತವರ ವಯಸ್ಸಲ್ಲೂ ಸುಳ್ಳು ಹೇಳ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದವಳು ವಾರವಿಡೀ ಅವನ ಜೊತೆ ಮಾತು ಬಿಟ್ಟಳು.

ಅಮೆರಿಕದ ಅಂತರ್ಯುದ್ಧದ ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ ಹಳ್ಳದಾಚೆ ಉತ್ತರದವರೂ ದಕ್ಷಿಣದವರೂ ಬೆಳಗಿನಿಂದ ಸಂಜೆಯವರೆಗೆ ಕಡಿದಾಡಿದರು. ಮಧ್ಯಾಹ್ನದ ಹೊತ್ತಿಗೇ ಗಾಯಾಳುಗಳ ಗಾಡಿಗಳು ಚರ್ಚಿನ ಬಾಗಿಲಿಗೆ ಬಂದು ನಿಂತವು. ಸಿಪಾಯಿಗಳು ಬೆಂಚುಗಳ ಮೇಲೆ ಹಲಗೆ ಹಾಸಿ, ಹುಲ್ಲು ಹರಡಿ, ಎರಡೂ ಕಡೆಯವರನ್ನು ಸಾಲಾಗಿ ಮಲಗಿಸಿದರು. ಪೂಜೆಯ ಮೇಜು ಡಾಕ್ಟರರ ಮೇಜಾಯಿತು. ಅದರ ಮೇಲಿನ ಬಿಳಿ ಬಟ್ಟೆಯನ್ನು ಸಲೋಮೆಯೇ ಹರಿದು ಪಟ್ಟಿ ಮಾಡಿ ಕೊಟ್ಟಳು.

ಮೊದಲ ಸಾವಿಗೆ ಡೇನಿಯಲ್ ಹಗ್ಗಕ್ಕೆ ಕೈಹಾಕಿದ. ಡಾಕ್ಟರು ಓಡಿ ಬಂದರು.

"ಏ, ನಿಲ್ಸಪ್ಪಾ! ಇದನ್ನ ಕೇಳಿದ್ರೆ ಉಳಿದವರು ಹೆದರಿಕೇಲೇ ಪ್ರಾಣ ಬಿಡ್ತಾರೆ. ಆಸ್ಪತ್ರೆ ಇರೋವರ್ಗೂ ಗಂಟೆ ಮುಟ್ಟಬೇಡ."

ಡಾಕ್ಟರು ಹೇಳಿದ್ದು ಸರಿಯೇ, ಸಲೋಮೆ ಒಪ್ಪಿದಳು. ಈಗ ಬೇಡ ಎಂದರೆ ಎಂದೂ ಬೇಡ ಎಂದಲ್ಲವಲ್ಲ. ಅಂದಿನಿಂದ ಗಂಜಿ ಕುಡಿಸುವಾಗಲೆಲ್ಲ ಒಬ್ಬೊಬ್ಬರ ವಯಸ್ಸು ಕೇಳತೊಡಗಿದಳು.

"ಯಾಕಮ್ಮಾ, ಮನೇಲಿ ಮಗಳಿದಾಳಾ ಮದುವೆಗೆ?" ಎಂದು ಒಬ್ಬ ನಕ್ಕ.

"ಇದ್ದಿದ್ರೂ ನಿನ್ನಂಥ ಮೂತಿಗೆ ಕೊಡ್ತಿದ್ನೇನೋ? ವಯಸ್ಸು ಹೇಳು ಮೊದ್ಲು."

ಇಪ್ಪತ್ತೆರಡಂತೆ. ನಾಲ್ಕನೆಯ ದಿನ ಅವನೂ ಹೋದ. ಸಲೋಮೆ ಹಿತ್ತಿಲಿಗೆ ಹೋಗಿ ಒಂದಷ್ಟು ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು ಬಂದು, ಪೂಜೆಯ ಬಟ್ಟೆಯ ಉಳಿದ ಚೂರೊಂದರಲ್ಲಿ ಇಪ್ಪತ್ತೆರಡು ಕಾಳು ಕಟ್ಟಿ ತಗಡಿನ ಡಬ್ಬಿಗೆ ಹಾಕಿದಳು.

ಜನವರಿಯಲ್ಲಿ ಆಸ್ಪತ್ರೆ ಎದ್ದುಹೋಗುವ ಹೊತ್ತಿಗೆ ಮೂವತ್ತೇಳು ಪೊಟ್ಟಣಗಳಾಗಿದ್ದವು. ಅವುಗಳಲ್ಲಿ ಒಂದು ಖಾಲಿ. ಆ ಹುಡುಗ ಬಂದಾಗಲೇ ಪ್ರಜ್ಞೆ ಇರಲಿಲ್ಲ, ಹೆಸರು ಹೇಳಲಿಲ್ಲ, ವಯಸ್ಸೂ ಹೇಳಲಿಲ್ಲ. ಮೂವತ್ತೆಂಟನೆಯದು ಡೇನಿಯಲ್‌ನದು, ಐವತ್ತೆರಡು ಕಾಳು. ಗಾಯಾಳುಗಳ ವಿಷಮಜ್ವರ ಅವನಿಗೂ ತಗಲಿ, ಆಸ್ಪತ್ರೆ ಏಳುವ ವಾರವೇ ತೀರಿಕೊಂಡಿದ್ದ. ಮೂವತ್ತು ವರ್ಷ ಊರಿಗೆಲ್ಲ ಗಂಟೆ ಹೊಡೆದವನು ಗಂಟೆಯಿಲ್ಲದೆ ಮಣ್ಣಿಗೆ ಹೋದ. ಹಗ್ಗ ಇನ್ನು ತನ್ನದು ಎಂದಷ್ಟೇ ಸಲೋಮೆ ಹೇಳಿದಳು.

ಕರೆಗಟ್ಟಿದ ನೆಲ ಕಿತ್ತು ಹೊಸದು ಹಾಕಿ ಚರ್ಚು ಮತ್ತೆ ತೆರೆಯಲು ಮೂರು ವರ್ಷ ಹಿಡಿಯಿತು. ಮೊದಲ ಪ್ರಾರ್ಥನೆಗೆ ಮುಂಚೆ ಡಬ್ಬಿಯಲ್ಲಿರುವವರಿಗೆಲ್ಲ ಗಂಟೆ ಹೊಡೆಯಬೇಕೆಂದು ಸಲೋಮೆ ಹಿರಿಯರ ಸಭೆಗೆ ಹೋಗಿ ಕೇಳಿದಳು. ಸಭೆಯ ಮುಖ್ಯಸ್ಥ ಹಿಟ್ಟಿನ ಗಿರಣಿಯ ಟೋಬಿಯಾಸ್ ಶೀಲಿ. ಅವನ ಒಬ್ಬನೇ ಮಗ ಲೀವೈ ಹಿಂದಿನ ವರ್ಷ ಉತ್ತರದವರ ನೀಲಿ ಅಂಗಿ ತೊಟ್ಟು ವರ್ಜೀನಿಯಾದ ಕಾಡಿನಲ್ಲಿ ಕಾದಾಡುತ್ತಾ ಸತ್ತಿದ್ದ. ಹೆಣ ಸಿಕ್ಕಿರಲಿಲ್ಲ. ಹೆಣವಿಲ್ಲದೆ ಗಂಟೆ ಬೇಡವೆಂದು ಶೀಲಿಯೇ ಮಗನಿಗೆ ಹೊಡೆಸಿರಲಿಲ್ಲ.

"ನಮ್ಮೋರಿಗೆ ಹೊಡಿ, ಬೇಡ ಅನ್ನಲ್ಲ," ಎಂದ ಶೀಲಿ. "ನನ್ ಮಗನ್ನ ಕೊಂದೋರಿಗೆ ನಮ್ ಗಂಟೆ ಹೊಡಿಯೋ ಹಾಗಿಲ್ಲ. ನಮ್ ನೀಲಿ ಅಂಗಿಯೋರು ಯಾರ್ಯಾರು, ಬೇರೆ ಮಾಡಿ ಇಡು."

"ಎಲ್ಲಾ ಒಂದೇ ಬಟ್ಟೇಲಿ ಕಟ್ಟಿದೀನಿ, ಶೀಲಿಯವ್ರೇ. ಈಗ ನಂಗೂ ಗೊತ್ತಾಗಲ್ಲ."

"ಹಾಗಾದ್ರೆ ಯಾರಿಗೂ ಬೇಡ!"

"ಹೊಡೀತೀನಿ," ಎಂದಳು ಸಲೋಮೆ. "ಆಮೇಲೆ ಬೇಕಾದ್ರೆ ಹಗ್ಗ ಕಿತ್ಕೊಳ್ಳಿ."

ಶನಿವಾರ ಬೆಳಗ್ಗೆ ತಿಂಡಿ ಮುಗಿಸಿ, ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೋಗಿ ಗೋಪುರದ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದಳು. ಮೊದಲ ಪೊಟ್ಟಣ ಹತ್ತೊಂಬತ್ತು. ಎರಡನೆಯದು ಮೂವತ್ತೊಂದು. ಹತ್ತನೆಯದು ಮುಗಿಯುವಷ್ಟರಲ್ಲಿ ಶೀಲಿ ಬಂದು ಬಾಗಿಲು ಗುದ್ದಿದ, ಬೈದ, ಕೊಡಲಿ ತರಿಸುತ್ತೇನೆಂದು ಹೆದರಿಸಿದ. ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಏಪ್ರನ್ನಿನ ಅಂಚು ಸುತ್ತಿಕೊಂಡು ಎಳೆದಳು. ಹೊರಗೆ ಬೈಗುಳ ನಿಂತಿತು, ಕೊಡಲಿಯೇನೂ ಬರಲಿಲ್ಲ.

ಮಧ್ಯಾಹ್ನ ತಿರುಗಿದಾಗ ಉಳಿದದ್ದು ಎರಡು, ಡೇನಿಯಲ್‌ನದು ಮತ್ತು ಆ ಖಾಲಿಯದು. ಗಂಟೆ ನಿಂತಿತು. ಸಲೋಮೆ ಅಗಳಿ ತೆಗೆದಳು. ಶೀಲಿ ಮೆಟ್ಟಿಲ ಮೇಲೆ ಕೂತಿದ್ದ.

"ಮುಗೀತಾ ನಿನ್ನ ಹಟ?"

"ಇಲ್ಲ. ಇವನ ವಯಸ್ಸು ಗೊತ್ತಿಲ್ಲ," ಎಂದು ಆ ಖಾಲಿ ಬಟ್ಟೆಯನ್ನು ಅವನ ಮುಂದೆ ಹಿಡಿದಳು.

"ಯಾವ ಕಡೆಯೋನು?"

"ತಂದಾಗ ಮೈಮೇಲೆ ಅಂಗೀನೇ ಇರ್ಲಿಲ್ಲ. ಗಡ್ಡ ಇನ್ನೂ ಸರಿಯಾಗಿ ಬಂದಿರ್ಲಿಲ್ಲ." ಬಟ್ಟೆ ಹಿಡಿದುಕೊಂಡೇ ಕೇಳಿದಳು, "ನಿಮ್ಮ ಲೀವೈಗೆ ಎಷ್ಟಾಗಿತ್ತು?"

ಶೀಲಿ ಬಟ್ಟೆಯನ್ನು ಕೈಗೆ ತೆಗೆದುಕೊಂಡ.

"ಹತ್ತೊಂಬತ್ತು. ನವೆಂಬರಿಗೆ ಇಪ್ಪತ್ತಾಗ್ತಿತ್ತು."

ಒಳಗೆ ಬಂದು ಕೋಟು ಕಳಚಿಟ್ಟು ಹಗ್ಗ ಹಿಡಿದ. ಗಿರಣಿಯ ಮೂಟೆ ಎತ್ತಿದ ಕೈ, ಮೊದಲ ಏಟೇ ಜೋರಾಯಿತು. "ಮೆಲ್ಲಗೆ," ಎಂದಳು ಸಲೋಮೆ. ಕಾಳು ಒಂದೊಂದಾಗಿ ಜೇಬು ಬದಲಾಯಿಸಿದವು. ಹತ್ತೊಂಬತ್ತು ಆಯಿತು, ಶೀಲಿ ಹಗ್ಗ ಬಿಡಲಿಲ್ಲ. ತಡೆಯಬೇಕಾದವಳು ಸುಮ್ಮನೆ ನಿಂತಳು. ಅವನು ಇನ್ನೊಮ್ಮೆ ಎಳೆದ.

"ಒಂದು ಹೆಚ್ಚಾಯ್ತು, ಸಲೋಮೆ," ಎಂದ ಅಳುತ್ತಾ.

"ನವೆಂಬರಿಗೆ ಆಗ್ತಿತ್ತಲ್ಲ," ಎಂದು ಅವಳು ಜೇಬಿನಿಂದ ಇನ್ನೊಂದು ಕಾಳು ತೆಗೆದು ಆಚೆಗೆ ಹಾಕಿದಳು. ಆಮೇಲೆ ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡು, ಗಂಡನ ಪೊಟ್ಟಣವನ್ನು ಎಣಿಸಲು ಶೀಲಿಗೆ ಕೊಟ್ಟಳು.