ಕಟಾಂಜನದಾಚೆಯ ಸಮಾಧಿ

ಹಳೆಯ ಟ್ರಂಕು ಜಾಡಿಸುತ್ತಿದ್ದೆ. ಕಾಕಾನ ಕೋಟಿನ ಕಿಸೆಯಿಂದ ವಿಭೂತಿಯ ಗಟ್ಟಿಯೊಂದು ಉರುಳಿ ಬಿತ್ತು. ಮೂಲೆ ಸವೆದಿತ್ತು, ವಾಸನೆ ಮಾತ್ರ ಹಾಗೇ ಇತ್ತು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಆ ಗಟ್ಟಿ ಸವೆದದ್ದು ಕಾಕಾನ ಹಣೆಯ ಮೇಲಷ್ಟೇ ಅಲ್ಲ, ಒಬ್ಬ ಬಿಳಿ ಸಾಹೇಬನ ಸಮಾಧಿಯ ಮೇಲೂ.

ನಿಮಗೆ ವಿಚಿತ್ರ ಅನ್ನಿಸೀತು. ಕಿತ್ತೂರಿನ ಕಾಳಗದಲ್ಲಿ ಸತ್ತ ಆ ಸಾಹೇಬನ ಸಮಾಧಿ ನಮ್ಮ ಧಾರವಾಡದಲ್ಲಿದೆ. ಮುಂದೊಂದು ನೀಲಿ ಫಲಕ: ರಾಷ್ಟ್ರೀಯ ಸ್ಮಾರಕ. ಪರದೇಶದಿಂದ ಬಂದು ನಮ್ಮವರೊಡನೆ ಕಾದಾಡಿದವನಿಗೆ ನಮ್ಮದೇ ರಾಷ್ಟ್ರದ ಕಾವಲು! ಹತ್ತಿ ವ್ಯಾಪಾರದ ನಮ್ಮ ಕಾಕಾ ಪ್ರತಿ ಸೋಮವಾರ ಅಂಗಡಿ ತೆರೆಯುವ ಮುನ್ನ ಅಲ್ಲಿಗೆ ಹೋಗಿ, ಕಲ್ಲು ತೊಳೆದು, ಮೂರು ಬೆರಳಿನಿಂದ ವಿಭೂತಿ ಎಳೆದು, ಬಿಲ್ವಪತ್ರಿ ಏರಿಸುತ್ತಿದ್ದ. ಸ್ವಾಮಿಗಳ ಗದ್ದುಗೆಗೆ ಮಾಡುವ ಸೇವೆಯೇ.

"ಕಾಕಾ, ಇಂವ ನಮ್ಮ ವೈರಿ ಅಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಹೌದಪಾ. ನಮ್ಮ ಮನಿತನದಾಂವ ಒಬ್ಬಾಂವ ಅದೇ ಲಡಾಯಿಯಾಗ ಸತ್ತಾನ. ಅವನ ಗದ್ದಿಗಿ ಎಲ್ಲೈತೋ ಯಾರಿಗೂ ಗೊತ್ತಿಲ್ಲ. ಇಂವಂದಾದ್ರೂ ಐತಲ್ಲ. ಇಲ್ಲೆ ಇಟ್ಟಿದ್ದು ಅವಗೂ ಮುಟ್ಟತೈತಿ."

ನಾನು ಕಾಲೇಜು ಸೇರಿದ ವರ್ಷ ಆ ಸಾಹೇಬನ ವಂಶದ ಒಬ್ಬ ಹೆಂಗಸು ಇಂಗ್ಲೆಂಡಿನಿಂದ ಬಂದಳು. ಆಗಿನ ನನ್ನ ಇಂಗ್ಲಿಷಿನ ಗತ್ತು ಏನು ಕೇಳುತ್ತೀರಿ! ದುಭಾಷಿಯಾಗಿ ಮುಂದೆ ನಿಂತೆ. ಆಕೆ ಕಲ್ಲಿನ ಮೇಲಿನ ಬಿಳಿ ಗೆರೆ ತೋರಿಸಿ ಏನಿದು ಎಂದಳು. ಕಾಕಾ ಆಗಷ್ಟೇ ಕೈ ತೊಳೆದು, ನಗುತ್ತ ಪಕ್ಕದಲ್ಲೇ ನಿಂತಿದ್ದ. ಬೂದಿ ಬಳಿಯುವ ಜನ ಅಂದುಕೊಂಡಾಳು ಎಂದು ನನಗೆ ನಾಚಿಕೆಯಾಯಿತು. ಓಣಿಯ ಹುಡುಗರ ಕಿಡಿಗೇಡಿತನ ಎಂದುಬಿಟ್ಟೆ.

"ಏನಂದ್ಲೋ ತಮ್ಮಾ?" ಕಾಕಾ ಕೇಳಿದ.

"ಛಲೋ ಇಟ್ಟೀರಿ ಅಂದ್ರು."

ಮುಂದಿನ ಸೋಮವಾರ ಕಾಕಾ ಎರಡು ಹಿಡಿ ಪತ್ರಿ ಹೆಚ್ಚಿಗೆ ಒಯ್ದ.

ಕೆಲವು ತಿಂಗಳಲ್ಲಿ ಸಮಾಧಿಯ ಸುತ್ತ ಕಬ್ಬಿಣದ ಕಂಬಿಗಳ ಕಟಾಂಜನ ಎದ್ದಿತು, ಬೀಗವೂ ಬಿತ್ತು. "ಆ ಬಾಯಾರು ಪರದೇಶದಿಂದ ಪತ್ರ ಬರದಾರಂತ್ರಿ. ಓಣಿ ಹುಡುಗ್ರು ಕಲ್ಲಿಗೆ ಏನೇನೋ ಬಳೀತಾರಂತ," ಎಂದ ಕಾವಲುಗಾರ. ಕಾಕಾ, "ಯಾವ ಹುಡುಗ್ರೋ?" ಎಂದು ನನ್ನತ್ತ ನೋಡಿದ. ನಾನು ಬಗ್ಗಿ ಬೂಟಿನ ಲಾಡಿ ಕಟ್ಟುತ್ತ ಕುಳಿತೆ, ಬಿಚ್ಚದಿದ್ದ ಲಾಡಿಯನ್ನು.

ಆಮೇಲೂ ಕಾಕಾ ಸೋಮವಾರ ತಪ್ಪಿಸಲಿಲ್ಲ. ಕಂಬಿಯ ಹೊರಗೆ ನಿಂತು ಕೈ ಮುಗಿದು, ಗಟ್ಟಿಯನ್ನು ಹಾಗೇ ಕಿಸೆಗೆ ಹಾಕಿಕೊಂಡು ಬರುತ್ತಿದ್ದ. ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಬಹಳ ವರ್ಷ ನನ್ನನ್ನೇ ನಂಬಿಸಿಕೊಂಡೆ. ಸುಳ್ಳು. ಕಾಕಾ ತೀರಿಕೊಂಡ ದಿನವೂ ನಾನು ಬಾಯಿ ಬಿಡಲಿಲ್ಲ.

ಈ ಸೋಮವಾರ ಗಟ್ಟಿ ಹಿಡಿದು ಹೋದೆ. ಕಾವಲಿಗೆ ಹೊಸಬನಿದ್ದ. ನನ್ನ ಕೈ ನೋಡಿ ಎದ್ದು ಬಂದ.

"ಒಳಗ ಬಿಡಂಗಿಲ್ರಿ, ಅಜ್ಜಾರ. ಬೀಗ ಐತಿ."

"ಗೊತ್ತೈತಪಾ. ಆ ಬೀಗ ಹಾಕಿಸಿದಾಂವ ನಾನೇ."

ಅವನು ನನ್ನ ಮುಖ ನೋಡಿದ. ಆಮೇಲೆ ತನ್ನ ಸ್ಟೂಲು ಈಚೆ ಸರಿಸಿ ಕೊಟ್ಟ. ಕುಳಿತು, ಕಲ್ಲಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಎಲ್ಲ ಹೇಳಿದೆ.